ಗೂಡು ಕಾಯುವ ಮೀನು, ನೀರಿಗಿಳಿದ ಗಾಳ

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ರಾಜ್ಯಗಳ ಸಣ್ಣ ಕೆರೆಗಳಲ್ಲಿ ವಸಂತ ಎಷ್ಟು ಮುಂದುವರಿದಿದೆ ಎಂಬುದನ್ನು ನೀರಿನ ಬಿಸಿ ಹೇಳುತ್ತದೆ. ಮಂಜುಗಡ್ಡೆ ಕರಗಿ ನೀರು 7ರಿಂದ 11 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಯೆಲ್ಲೋ ಪರ್ಚ್ ಮೊಟ್ಟೆಯಿಡುತ್ತದೆ. 16 ಡಿಗ್ರಿಯ ಸುಮಾರಿಗೆ ಕ್ರ್ಯಾಪಿಗಳು ದಡದ ಜೊಂಡಿನತ್ತ ಬರುತ್ತವೆ. ಮೇ ಕೊನೆಯಲ್ಲೋ ಜೂನ್ ಮೊದಲಲ್ಲೋ ನೀರು 20 ಡಿಗ್ರಿ ಮುಟ್ಟುತ್ತಲೇ ಬ್ಲೂಗಿಲ್ ಗಂಡುಗಳು ಮೊಣಕಾಲುದ್ದ, ಸೊಂಟದುದ್ದ ನೀರಿನಲ್ಲಿ ಮರಳು ಕೆದರಿ ಗೂಡು ಮಾಡತೊಡಗುತ್ತವೆ. ಬಾಣಲೆಯಲ್ಲಿ ಇಡಿಯಾಗಿ ಹಿಡಿಸುವಷ್ಟು ಗಾತ್ರದ ಈ ಮೀನುಗಳನ್ನೆಲ್ಲ ಒಟ್ಟಾಗಿ ಪ್ಯಾನ್‌ಫಿಶ್ ಎನ್ನುತ್ತಾರೆ. ಗೋಡೆಗೆ ತೂಗುಹಾಕಿ ಮೆರೆಯುವ ಮೀನುಗಳಲ್ಲ ಇವು. ಅಲ್ಲಿನ ಮಕ್ಕಳು ಗಾಳದಲ್ಲಿ ಹಿಡಿಯುವ ಮೊದಲ ಮೀನು ಬಹುಪಾಲು ಬ್ಲೂಗಿಲ್ಲೇ ಆಗಿರುತ್ತದೆ.

ದೋಣಿಯಿಲ್ಲದವರು ಇವನ್ನು ಹಿಡಿಯಲು ಫ್ಲೋಟ್ ಟ್ಯೂಬ್ ಬಳಸುತ್ತಾರೆ. ಮೊದಮೊದಲು ಲಾರಿ ಚಕ್ರದ ಟ್ಯೂಬಿಗೆ ದಪ್ಪ ಬಟ್ಟೆಯ ಹೊದಿಕೆ ಹೊಲಿದು, ನಡುವಿನ ತೂತಿಗೆ ಕೂರುವ ಪಟ್ಟಿ ಕಟ್ಟಿ ಇದನ್ನು ಮಾಡಿಕೊಳ್ಳುತ್ತಿದ್ದರು. ಈಗಿನವು ಮುಂದುಗಡೆ ತೆರೆದಿದ್ದು ಕುದುರೆಲಾಳದ ಆಕಾರದಲ್ಲಿವೆ. ಗಾಳಿ ತೆಗೆದು ಮಡಚಿ ಬೆನ್ನಿಗೆ ಹಾಕಿಕೊಂಡು ಹೋಗಬಹುದು. ಎದೆಯವರೆಗೆ ಬರುವ, ನೀರು ಒಳನುಗ್ಗದ ದಿರಿಸು ತೊಟ್ಟು, ಕಾಲಿಗೆ ರಬ್ಬರಿನ ಈಜುರೆಕ್ಕೆ ಕಟ್ಟಿಕೊಂಡು ಕೂತರೆ ಕಾಲುಗಳು ಪೂರ್ತಿ ನೀರಿನಲ್ಲಿರುತ್ತವೆ. ಕಾಲಾಡಿಸಿದರೆ ಟ್ಯೂಬ್ ಹಿಂದಕ್ಕೆ ಸಾಗುತ್ತದೆ. ಹುಟ್ಟು ಹಾಕುವ ಸದ್ದಿಲ್ಲ, ಎಂಜಿನ್ ಇಲ್ಲ, ಎರಡು ಕೈಯೂ ಬಿಡುವಾಗಿರುತ್ತವೆ. ಕೂತವರ ತಲೆ ನೀರಿನ ಮಟ್ಟದಿಂದ ಬಹಳ ಮೇಲಿರುವುದಿಲ್ಲವಾದ್ದರಿಂದ ಮೀನು ಬೆದರುವುದೂ ಕಡಿಮೆ. ಗಾಳಿ ಎದ್ದರೆ ದಡ ಸೇರುವುದು ಕಷ್ಟ, ವಸಂತದ ನೀರಿನ ತಣ್ಣನೆಗೆ ಮೈ ಬೇಗ ಸೋಲುತ್ತದೆ. ಅದಕ್ಕೇ ಜೀವರಕ್ಷಕ ಅಂಗಿ ತೊಟ್ಟು, ಸಣ್ಣ ಕೆರೆಯಲ್ಲಿ, ದಡಕ್ಕೆ ಹತ್ತಿರದಲ್ಲೇ ಈ ಬಗೆಯಲ್ಲಿ ಗಾಳ ಹಾಕುತ್ತಾರೆ. ಗಾಳದ ಕೋಲು ಹಗುರ, ದಾರ ಸಣ್ಣದು, ತುದಿಯಲ್ಲಿ ಗ್ರಾಮಿಗಿಂತ ಕಡಿಮೆ ತೂಕದ ಒಂದು ಜಿಗ್ (ಲೋಹದ ತಲೆಯ ಕೊಕ್ಕೆ), ಮೇಲೊಂದು ಬೆಂಡು. ಇಲ್ಲವೇ ಸ್ಪಂಜಿನಲ್ಲಿ ಮಾಡಿದ ಜೇಡದಂಥ ಹುಳು.

ಇಷ್ಟು ಸಣ್ಣ, ಇಷ್ಟು ಶಾಂತವಾದ ವಿನೋದದಲ್ಲಿ ಧರ್ಮದ ಪ್ರಶ್ನೆಯೇನಿದೆ ಎಂದು ಕೇಳಬಹುದು. ಇದೆ, ಮತ್ತು ಅದು ಹಳೆಯದು. ಹಸಿವಿಲ್ಲದವರು ಇನ್ನೊಂದು ಜೀವವನ್ನು ಕೊಕ್ಕೆಗೆ ಸಿಕ್ಕಿಸಿ ಎಳೆಯುವುದು ಸರಿಯೇ? ಎಳೆದ ಮೇಲೆ ಬಿಟ್ಟುಬಿಟ್ಟರೆ ತಪ್ಪು ಕಳೆಯುತ್ತದೆಯೇ? ಅದು ಮೊಟ್ಟೆ ಕಾಯುತ್ತಿದ್ದ ಮೀನಾದರೆ? ಬೇರೆ ಕಾಲದಲ್ಲಿ ಈ ಮೂರು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಚರ್ಚಿಸಬಹುದು. ವಸಂತದಲ್ಲಿ, ಗೂಡುಗಳ ಮೇಲೇ ತೇಲುತ್ತ ಗಾಳ ಹಾಕುವಾಗ ಮೂರೂ ಒಂದೇ ಗಳಿಗೆಯಲ್ಲಿ ಎದುರಾಗುತ್ತವೆ.

ಮೊದಲು ನೋವಿನ ಮಾತು. ಮೀನಿಗೆ ನೋವಾಗುವುದಿಲ್ಲ ಎಂಬ ನಂಬಿಕೆ ಗಾಳ ಹಾಕುವವರಲ್ಲಿ ಬಹಳ ಕಾಲ ಇತ್ತು. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಸಂಗಡಿಗರು ರೇನ್‌ಬೋ ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ಗಾಯ, ಶಾಖ, ರಾಸಾಯನಿಕಗಳಿಗೆ ಸ್ಪಂದಿಸುವ ನರತುದಿಗಳನ್ನು ಗುರುತಿಸಿದರು. ತುಟಿಗೆ ಜೇನುನೊಣದ ವಿಷವನ್ನೋ ಅಸಿಟಿಕ್ ಆಮ್ಲವನ್ನೋ ಚುಚ್ಚಿದಾಗ ಆ ಮೀನುಗಳು ಉಸಿರಾಟ ಹೆಚ್ಚಿಸಿದವು, ತಳದಲ್ಲಿ ಕೂತು ಓಲಾಡಿದವು, ತಿನ್ನಲು ಬರಲಿಲ್ಲ. ಆಮ್ಲ ಚುಚ್ಚಿಸಿಕೊಂಡವು ತುಟಿಯನ್ನು ಗರಸಿಗೆ ಉಜ್ಜಿದವು. ಮಾರ್ಫಿನ್ ಕೊಟ್ಟಾಗ ಈ ವರ್ತನೆ ತಗ್ಗಿತು. ಜೇಮ್ಸ್ ರೋಸ್ ಎಂಬ ಅಮೆರಿಕದ ನರವಿಜ್ಞಾನಿ ಇದನ್ನು ಒಪ್ಪಲಿಲ್ಲ. ನೋವೆಂಬ ಅರಿವಿಗೆ ಸಸ್ತನಿಗಳ ಮಿದುಳಿನಲ್ಲಿರುವಂಥ ಹೊರಪದರ ಬೇಕು, ಮೀನಿಗೆ ಅದಿಲ್ಲ, ಅದು ತೋರುವುದು ಅರಿವಿಲ್ಲದ ಪ್ರತಿಕ್ರಿಯೆ ಮಾತ್ರ ಎಂಬುದು ಅವರ ವಾದ. ಹಕ್ಕಿಗಳಿಗೂ ಅಂಥ ಪದರವಿಲ್ಲ, ಆದರೂ ಅವುಗಳ ಅರಿವನ್ನು ಅಷ್ಟು ಸುಲಭವಾಗಿ ಯಾರೂ ತಳ್ಳಿಹಾಕುವುದಿಲ್ಲ ಎಂಬ ಉತ್ತರ ಎದುರು ಪಾಳೆಯದಿಂದ ಬಂತು. 2024ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ವಿಜ್ಞಾನಿಗಳೂ ತತ್ತ್ವಶಾಸ್ತ್ರಜ್ಞರೂ ಸೇರಿ ಹೊರಡಿಸಿದ ಘೋಷಣೆ, ಮೀನುಗಳೂ ಸೇರಿದಂತೆ ಎಲ್ಲ ಬೆನ್ನೆಲುಬಿನ ಪ್ರಾಣಿಗಳಲ್ಲಿ ಪ್ರಜ್ಞೆ ಇರುವ ನಿಜವಾದ ಸಾಧ್ಯತೆಯಿದೆ ಎಂದಿತು. ಸಾಧ್ಯತೆ ಎಂಬ ಮಾತನ್ನು ಅದು ಅಳೆದೇ ಬಳಸಿದೆ. ಆದರೆ ಧರ್ಮದ ನಿರ್ಣಯಕ್ಕೆ ಅಷ್ಟು ಸಾಕು. ಇನ್ನೊಂದು ಜೀವಕ್ಕೆ ನೋವಾಗುತ್ತಿರಬಹುದೆಂಬ ಗಟ್ಟಿ ಅನುಮಾನ ಇರುವಾಗ, ಖಚಿತವಾಗುವವರೆಗೆ ಏನು ಬೇಕಾದರೂ ಮಾಡಬಹುದು ಎನ್ನುವುದು ನ್ಯಾಯವಲ್ಲ. ಅನುಮಾನದ ಲಾಭ ಕೊಕ್ಕೆಯ ಆ ತುದಿಗೆ ಸೇರಬೇಕು.

ಹಾಗೆ ಒಪ್ಪಿಕೊಂಡವರಿಗೆ ತೋಚುವ ಮೊದಲ ಪರಿಹಾರ ಹಿಡಿದು ಬಿಡುವುದು. ಅಮೆರಿಕದಲ್ಲಿ ಇದು ಇಂದು ಸಭ್ಯತೆಯ ಗುರುತಾಗಿಬಿಟ್ಟಿದೆ. ಮೀನನ್ನು ಮನೆಗೆ ಒಯ್ಯುವವರಿಗಿಂತ ನೀರಿಗೆ ಮರಳಿಸುವವರು ಒಂದು ಮೆಟ್ಟಿಲು ಮೇಲಿನವರೆಂಬ ಭಾವನೆ ಹರಡಿದೆ. ಯೂರೋಪಿನ ಎರಡು ದೇಶಗಳು ಇದಕ್ಕೆ ತೀರಾ ವಿರುದ್ಧವಾದ ನಿಲುವು ತಳೆದಿವೆ. ಸ್ವಿಟ್ಜರ್ಲೆಂಡಿನ 2008ರ ಪ್ರಾಣಿ ರಕ್ಷಣಾ ನಿಯಮಾವಳಿ, ಬಿಡುವ ಉದ್ದೇಶವಿಟ್ಟುಕೊಂಡೇ ಗಾಳ ಹಾಕುವುದನ್ನು ನಿಷೇಧಿಸುತ್ತದೆ. ಜರ್ಮನಿಯ ಪ್ರಾಣಿ ರಕ್ಷಣಾ ಕಾನೂನು ಸಕಾರಣವಿಲ್ಲದೆ ಪ್ರಾಣಿಗೆ ನೋವು ಕೊಡಬಾರದೆನ್ನುತ್ತದೆ. ಅಲ್ಲಿ ಊಟ ಸಕಾರಣ, ಆಟ ಸಕಾರಣವಲ್ಲ. ಈ ಕಾನೂನುಗಳ ಹಿಂದಿನ ತರ್ಕ ಕಟುವಾಗಿ ಕಂಡರೂ ಬಲವಾದದ್ದು. ತಿನ್ನಲು ಹಿಡಿದವರಿಗೆ ಮೀನಿನ ಒದ್ದಾಟ ಬೇಕಿಲ್ಲ, ಅದು ಬೇಗ ಮುಗಿದಷ್ಟೂ ಒಳ್ಳೆಯದು. ಬಿಡಲೆಂದೇ ಹಿಡಿಯುವವರಿಗೆ ಬೇಕಾದದ್ದೇ ಆ ಒದ್ದಾಟ. ದಾರದ ಮೂಲಕ ಕೈಗೆ ಬರುವ ಆ ತುಡಿತಕ್ಕಾಗಿಯೇ ಅವರು ನೀರಿಗಿಳಿದಿರುತ್ತಾರೆ. ಮೀನು ಬದುಕುಳಿಯುತ್ತದೆ ನಿಜ, ಆದರೆ ಅದರ ಭಯವೇ ಇಲ್ಲಿ ಸುಖದ ಕಚ್ಚಾವಸ್ತು.

ಸಂಪ್ರದಾಯಗಳು ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಕೆಲವು ತಿನ್ನುವವರ ಕಡೆಯಿಂದ ನೋಡುತ್ತವೆ, ಕೆಲವು ಕೊಡುವ ನೀರಿನ ಕಡೆಯಿಂದ, ಕೆಲವು ಮೀನಿನ ಕಡೆಯಿಂದ. ವಿಸ್ಕಾನ್ಸಿನ್‌ನ ಶುಕ್ರವಾರದ ಮೀನೂಟ ಮೊದಲ ಬಗೆಯದು. ಜರ್ಮನ್ ಮತ್ತು ಪೋಲಿಷ್ ಮೂಲದ ಕ್ಯಾಥೊಲಿಕರು ಶುಕ್ರವಾರಗಳಂದು ಮಾಂಸ ಬಿಡುತ್ತಿದ್ದರು, ಮೀನಿಗೆ ಅಡ್ಡಿಯಿರಲಿಲ್ಲ. ಹೀಗೆ ಪರ್ಚ್ ಮೀನಿನ ಕರಿದ ಹೋಳು ಆ ರಾಜ್ಯದ ವಾರದ ಊಟವಾಯಿತು. ಮೀನನ್ನು ಏಕೆ ಬಿಡಬೇಕಿಲ್ಲ ಎಂಬುದಕ್ಕೆ 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಕೊಟ್ಟ ಕಾರಣ ಗಮನಿಸಬೇಕಾದದ್ದು: ನೆಲದ ಪ್ರಾಣಿಗಳ ಮಾಂಸ ನಾಲಿಗೆಗೆ ಹೆಚ್ಚು ಸುಖ ಕೊಟ್ಟು ಕಾಮವನ್ನು ಕೆರಳಿಸುತ್ತದೆ, ಮೀನು ಅಷ್ಟು ಕೆರಳಿಸುವುದಿಲ್ಲ. ಉಪವಾಸ ಇರುವುದು ಉಪವಾಸ ಮಾಡುವವರ ಆತ್ಮಕ್ಕಾಗಿ. ತಟ್ಟೆಯಲ್ಲಿರುವ ಮೀನು ಆ ವಿಚಾರದಲ್ಲಿ ಬರುವುದೇ ಇಲ್ಲ.

ಅದೇ ಕೆರೆಗಳ ದಡದಲ್ಲಿ ಅವರಿಗಿಂತ ಬಹಳ ಹಿಂದಿನಿಂದ ಬದುಕಿರುವ ಓಜಿಬ್ವೆ ಜನರಲ್ಲಿ, ನೀರಿನಿಂದಲೋ ಕಾಡಿನಿಂದಲೋ ಏನನ್ನಾದರೂ ಪಡೆಯುವ ಮೊದಲು ತಂಬಾಕನ್ನು ಅರ್ಪಿಸುವ ಪದ್ಧತಿಯಿದೆ. ಪಡೆಯುವುದು ಅಲ್ಲಿ ಹಕ್ಕಲ್ಲ, ಕೊಡುಗೆ. ಕೊಡುಗೆಯನ್ನು ಕೇಳಿ ತೆಗೆದುಕೊಳ್ಳಬೇಕು, ಬೇಕಾದಷ್ಟನ್ನೇ ತೆಗೆದುಕೊಳ್ಳಬೇಕು, ಹಾಳು ಮಾಡಬಾರದು. ಈ ನೋಟದಲ್ಲಿ ಮೀನನ್ನು ಆಟಕ್ಕಾಗಿ ಹಿಡಿದು ಬಿಡುವುದಕ್ಕೆ ಹೆಚ್ಚು ಗೌರವ ಸಿಗುವುದು ಕಷ್ಟ. ಕೊಟ್ಟದ್ದನ್ನು ಆಡಿಸಿ ಹಿಂದಕ್ಕೆಸೆಯುವುದು ಕೊಟ್ಟವರಿಗೆ ಮಾಡಿದ ಅವಮಾನ.

ಮೀನಿನ ಕಡೆಯಿಂದಲೇ ನೋಡುವ ಶಿಸ್ತನ್ನು ಎಲ್ಲಕ್ಕಿಂತ ಆಳವಾಗಿ ಬೆಳೆಸಿದ್ದು ಜೈನ ಚಿಂತನೆ. ಆ ಲೆಕ್ಕದಲ್ಲಿ ಮೀನು ಪಂಚೇಂದ್ರಿಯ ಜೀವಿ. ಆನೆಗೂ ಮನುಷ್ಯನಿಗೂ ಎಷ್ಟು ಇಂದ್ರಿಯಗಳೋ ಅದಕ್ಕೂ ಅಷ್ಟೇ. ಜೀವಕ್ಕೆ ಹೊರಗೆ ಆಗುವ ಹಾನಿ ದ್ರವ್ಯಹಿಂಸೆ, ಹಾನಿ ಮಾಡುವವನ ಒಳಗೆ ಏಳುವ ಕೇಡು ಭಾವಹಿಂಸೆ. ಗೃಹಸ್ಥರಿಗಾಗಿ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ಬಿಡಿಸುತ್ತಾರೆ. ಅಡುಗೆ ಮಾಡುವಾಗ, ಹೊಲ ಉಳುವಾಗ, ಆತ್ಮರಕ್ಷಣೆ ಮಾಡಿಕೊಳ್ಳುವಾಗ ಆಗುವ ಹಿಂಸೆಯನ್ನು ಗೃಹಸ್ಥ ಪೂರ್ತಿ ತಪ್ಪಿಸಲಾರ. ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಮಾತ್ರ ಅವನು ಬಿಡಲೇಬೇಕು. ಗಾಳ ಈ ಸಂಕಲ್ಪಿ ಗುಂಪಿಗೆ ಸೇರುತ್ತದೆ, ಮೀನನ್ನು ತಿಂದರೂ ಬಿಟ್ಟರೂ.

ಹಿಡಿದು ಬಿಡುವುದರ ಕಥೆಯೇ ಒಂದು ಜೈನ ಸಾಹಿತ್ಯದಲ್ಲಿದೆ. ಮೃಗಸೇನನೆಂಬ ಬೆಸ್ತ ಮುನಿಯೊಬ್ಬರ ಮುಂದೆ ನಿಲ್ಲುತ್ತಾನೆ. ಕಸುಬು ಬಿಡುವುದು ಅವನಿಂದ ಆಗದು. ಹಾಗಾದರೆ ದಿನದ ಮೊದಲ ಮೀನನ್ನಾದರೂ ಬಿಟ್ಟುಬಿಡು ಎಂದು ಮುನಿ ವ್ರತ ಕೊಡುತ್ತಾರೆ. ಅಂದು ಬಲೆಗೆ ಬಿದ್ದ ಮೊದಲ ಮೀನಿಗೆ ಗುರುತು ಕಟ್ಟಿ ನೀರಿಗೆ ಬಿಡುತ್ತಾನೆ. ಮತ್ತೆ ಬಲೆ ಬೀಸಿದರೆ ಅದೇ ಮೀನು ಬರುತ್ತದೆ. ಐದು ಸಲ ಅದೇ ಬರುತ್ತದೆ, ಐದು ಸಲವೂ ಬಿಡುತ್ತಾನೆ. ಬರಿಗೈಯಲ್ಲಿ ಮನೆಗೆ ಹೋದವನಿಗೆ ಹೆಂಡತಿ ಬಾಗಿಲು ತೆರೆಯುವುದಿಲ್ಲ. ಹೊರಗೆ ಮಲಗಿದವನು ಹಾವು ಕಚ್ಚಿ ಸಾಯುತ್ತಾನೆ. ಮುಂದಿನ ಜನ್ಮದಲ್ಲಿ ಐದು ಸಲ ಸಾವಿನ ದವಡೆಯಿಂದ ಪಾರಾಗುತ್ತಾನೆ. ಇಲ್ಲಿ ಬಿಡುವುದು ಪುಣ್ಯವಾದದ್ದು ಮೀನು ಉಳಿಯಿತೆಂಬ ಒಂದೇ ಕಾರಣಕ್ಕಲ್ಲ. ಒಂದೊಂದು ಸಲ ಬಿಟ್ಟಾಗಲೂ ಮೃಗಸೇನ ಅಂದಿನ ಊಟವನ್ನು, ಮನೆಯ ನೆಮ್ಮದಿಯನ್ನು ಬಿಟ್ಟ. ಫ್ಲೋಟ್ ಟ್ಯೂಬಿನಲ್ಲಿ ಕೂತು ಬಿಡುವವರು ಏನನ್ನೂ ಬಿಡುತ್ತಿಲ್ಲ. ಬೇಕಾದದ್ದು ಅವರಿಗೆ ಆಗಲೇ ಸಿಕ್ಕಿಯಾಗಿದೆ.

ಕರ್ನಾಟಕದಲ್ಲೂ ಈ ಚರ್ಚೆ ನಡೆದಿದೆ. ಕಾವೇರಿಯ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆ ಶಿಬಿರಗಳಲ್ಲಿ ದೇಶವಿದೇಶದವರು ಮಹಶೀರ್ ಮೀನನ್ನು ಹಿಡಿದು ಬಿಡುತ್ತಿದ್ದರು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಅಲ್ಲಿ ಮಾರ್ಗದರ್ಶಕರಾದರು. ಸಿಡಿಮದ್ದು ಹಾಕಿ ಮೀನು ಕೊಲ್ಲುವವರ ಮೇಲೆ ಕಣ್ಣಿಡುವವರು ಸಿಕ್ಕಿದರು. ಮುಂದೆ ವನ್ಯಜೀವಿಧಾಮದೊಳಗೆ ಗಾಳಕ್ಕೆ ಕಾನೂನಿನ ತಡೆ ಬಂತು. ಗಾಳವಿದ್ದರೆ ಕಾವಲೂ ಇರುತ್ತದೆ ಎಂಬ ಆ ವಾದವನ್ನು ಹಗುರಾಗಿ ಕಾಣುವಂತಿಲ್ಲ, ಏಕೆಂದರೆ ಕಾವೇರಿಯ ಆ ಮಹಶೀರ್ ಅಳಿವಿನಂಚಿಗೆ ಬಂದಿರುವ ಮೀನು. ಶೃಂಗೇರಿಯ ತುಂಗೆಯಲ್ಲಿ ಗಾಳವಿಲ್ಲದೆಯೇ ಮೀನು ಉಳಿದಿದೆ. ಮೆಟ್ಟಿಲ ಬಳಿ ಭಕ್ತರು ಮಂಡಕ್ಕಿ ಹಾಕುತ್ತಾರೆ, ಯಾರೂ ಹಿಡಿಯುವುದಿಲ್ಲ. ಮಿನ್ನೆಸೋಟದ ಬ್ಲೂಗಿಲ್‌ಗೆ ಈ ಎರಡರ ಆಸರೆಯೂ ಇಲ್ಲ. ಅದು ಅಪರೂಪದ ಮೀನಲ್ಲ, ಪವಿತ್ರವೂ ಅಲ್ಲ. ಹೇರಳವಾಗಿರುವ ಸಾಧಾರಣ ಜೀವಕ್ಕೆ ಮನುಷ್ಯ ಏನು ಸಲ್ಲಿಸಬೇಕು ಎಂಬುದೇ ಇಲ್ಲಿನ ಕಷ್ಟದ ಪ್ರಶ್ನೆ.

ಅದಕ್ಕೆ ಉತ್ತರ ಹುಡುಕಲು ಗೂಡನ್ನು ಹತ್ತಿರದಿಂದ ನೋಡಬೇಕು. ಗಂಡು ಬ್ಲೂಗಿಲ್ ಬಾಲದಿಂದ ಕೆಸರು ಗುಡಿಸಿ ತಟ್ಟೆಯಂಥ ಗುಂಡಿ ಮಾಡುತ್ತದೆ. ಇಂಥ ಗುಂಡಿಗಳು ಒಂದಕ್ಕೊಂದು ತಾಗಿಕೊಂಡು ಹತ್ತಾರು, ಕೆಲವೆಡೆ ನೂರಾರು ಇರುತ್ತವೆ. ಮೇಲಿನಿಂದ ಕಂದು ತಳದಲ್ಲಿ ಬಿಳಿ ಚುಕ್ಕೆಗಳ ಸಾಲಾಗಿ ಕಾಣುತ್ತವೆ. ಹೆಣ್ಣು ಬಂದು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಉಳಿದ ಹೊಣೆಯೆಲ್ಲ ಗಂಡಿನದು. ಮೊಟ್ಟೆಗೆ ಉಸಿರು ಸಿಗಲೆಂದು ಅದು ರೆಕ್ಕೆಯಿಂದ ನೀರು ಬೀಸುತ್ತಲೇ ಇರುತ್ತದೆ. ಬಸವನಹುಳು, ಬುಲ್‌ಹೆಡ್ ಮೀನು, ಪಂಪ್ಕಿನ್‌ಸೀಡ್, ಕೊನೆಗೆ ಪಕ್ಕದ ಬ್ಲೂಗಿಲ್‌ಗಳನ್ನೂ ಅಟ್ಟುತ್ತದೆ. ಎರಡು ಮೂರು ದಿನಕ್ಕೆ ಮೊಟ್ಟೆಯೊಡೆಯುತ್ತದೆ; ಮರಿಗಳು ಈಜಿ ಹೋಗುವವರೆಗೆ, ಒಟ್ಟು ಒಂದು ವಾರದ ಮೇಲೆ, ಅದು ಸರಿಯಾಗಿ ತಿನ್ನದೆ ಕಾಯುತ್ತದೆ. ಈ ಕಾವಲೇ ಅದನ್ನು ಗಾಳಕ್ಕೆ ಸುಲಭವಾಗಿ ಒಪ್ಪಿಸುತ್ತದೆ. ಗೂಡಿನ ಮೇಲೆ ಬಿದ್ದ ಯಾವುದನ್ನೇ ಆಗಲಿ ಅದು ಬಾಯಿಯಿಂದ ಕಚ್ಚಿ ಓಡಿಸಲು ನೋಡುತ್ತದೆ. ಹಸಿವಿನಿಂದ ಮೋಸಹೋಗುವ ಮೀನನ್ನು ಹಿಡಿಯುವುದಕ್ಕೂ ಮರಿ ಕಾಯುವ ಕೆಲಸದಲ್ಲಿರುವ ಮೀನನ್ನು ಆ ಕೆಲಸದ ಮೂಲಕವೇ ಹಿಡಿಯುವುದಕ್ಕೂ ವ್ಯತ್ಯಾಸವಿದೆ. ಗಾಳ ಹಾಕುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಹಿಡಿದು ಬಿಡುವುದರ ನೆಪ ಕುಸಿದು ಬೀಳುವುದೂ ಇಲ್ಲಿಯೇ. ಗಂಡು ಮೇಲೆ ಬಂದೊಡನೆ ಗೂಡು ತೆರೆದುಬೀಳುತ್ತದೆ. ಟ್ಯೂಬಿನಲ್ಲಿ ಕೂತವರು ಕೊಕ್ಕೆ ಬಿಡಿಸಿ, ಮಡಿಲ ಮೇಲಿನ ಬಲೆಬಟ್ಟೆಯಲ್ಲಿ ಅಚ್ಚಾಗಿರುವ ಅಳತೆಪಟ್ಟಿಗೆ ಮೀನನ್ನಿಟ್ಟು ನೋಡಿ, ಫೋಟೋ ತೆಗೆದು ನೀರಿಗೆ ಬಿಡುವಷ್ಟರಲ್ಲಿ ಸುತ್ತಲಿನ ಮೀನುಗಳು ಮೊಟ್ಟೆಗೆ ಮುತ್ತಿಕೊಂಡಿರುತ್ತವೆ. ಬಿಟ್ಟ ಮೀನು ಗೂಡಿಗೆ ಮರಳಿದರೂ ದಣಿದಿರುತ್ತದೆ; ಉಳಿದ ಮೊಟ್ಟೆ ತೀರಾ ಕಡಿಮೆಯಾದರೆ ಗೂಡನ್ನೇ ಬಿಟ್ಟುಹೋಗುವುದುಂಟು. ಬಿಟ್ಟವರ ಲೆಕ್ಕದಲ್ಲಿ ಸಾವು ಸೊನ್ನೆ. ಗೂಡಿನ ಲೆಕ್ಕ ಬೇರೆಯೇ.

ಇನ್ನೂ ದೂರದ ಪರಿಣಾಮವೊಂದಿದೆ. ಕೆನಡಾದ ಒಂಟಾರಿಯೋದ ಓಪಿನಿಕಾನ್ ಕೆರೆಯಲ್ಲಿ ಮಾರ್ಟ್ ಗ್ರೋಸ್ ನಡೆಸಿದ ಅಧ್ಯಯನಗಳು ಬ್ಲೂಗಿಲ್ ಗಂಡುಗಳಲ್ಲಿ ಎರಡು ಬದುಕಿನ ದಾರಿಗಳನ್ನು ತೋರಿಸಿದವು. ಕೆಲವು ಏಳು ವರ್ಷದ ಸುಮಾರಿಗೆ ದೊಡ್ಡದಾಗಿ ಬೆಳೆದು ಗೂಡು ಕಟ್ಟಿ ಮರಿ ಕಾಯುತ್ತವೆ. ಕೆಲವು ಎರಡನೇ ವರ್ಷಕ್ಕೇ ಪ್ರೌಢವಾಗಿ, ಸಣ್ಣದಾಗಿಯೇ ಉಳಿದು, ಇನ್ನೊಬ್ಬರ ಗೂಡಿಗೆ ನುಗ್ಗಿ ವೀರ್ಯ ಚೆಲ್ಲಿ ಓಡುತ್ತವೆ. ಅವೇ ಸ್ವಲ್ಪ ಬೆಳೆದ ಮೇಲೆ ಹೆಣ್ಣಿನ ಬಣ್ಣ, ನಡೆ ತಾಳಿ ಒಳಸೇರುತ್ತವೆ. ಇವು ಯಾವ ಮರಿಯನ್ನೂ ಕಾಯುವುದಿಲ್ಲ. ಗಾಳ ಹಾಕುವವರು ವಸಂತದಲ್ಲಿ ಗೂಡಿನಿಂದ ಎತ್ತಿಕೊಳ್ಳುವುದು ದೊಡ್ಡ, ಎದೆ ಕಿತ್ತಳೆಯಾದ, ಕಾಯುವ ಗಂಡನ್ನೇ. ಅಂಥವು ಕಡಿಮೆಯಾದ ಕೆರೆಯಲ್ಲಿ ಉಳಿದ ಗಂಡುಗಳು ಸಣ್ಣ ಗಾತ್ರದಲ್ಲೇ ಬೇಗ ಪ್ರೌಢವಾಗಿ ಬೆಳವಣಿಗೆ ನಿಲ್ಲಿಸುತ್ತವೆ. ಕೆಲವೇ ವರ್ಷಗಳಲ್ಲಿ ಕೆರೆಯ ತುಂಬ ಗಿಡ್ಡ ಮೀನುಗಳೇ ಆಗುತ್ತವೆ. ಮಿನ್ನೆಸೋಟದ ಸರ್ಕಾರ ರಾಜ್ಯದ ಸಾಮಾನ್ಯ ಮಿತಿ ದಿನಕ್ಕೆ 20 ಇದ್ದರೂ ನೂರಾರು ಕೆರೆಗಳಲ್ಲಿ ಅದನ್ನು 10ಕ್ಕೋ 5ಕ್ಕೋ ಇಳಿಸಿರುವುದು ಈ ಕಾರಣಕ್ಕೆ.

ಹೀಗಾಗಿ ಬ್ಲೂಗಿಲ್ ವಿಷಯದಲ್ಲಿ ರೂಢಿಯ ಮರ್ಯಾದೆ ತಲೆಕೆಳಗಾಗಬೇಕಾಗುತ್ತದೆ. ದೊಡ್ಡದನ್ನು ಇಟ್ಟುಕೊಂಡು ಸಣ್ಣದನ್ನು ಬಿಡುವುದು ಎಲ್ಲೆಡೆಯ ವಾಡಿಕೆ. ಇಲ್ಲಿ ತಿನ್ನಬೇಕಾದದ್ದು ಮಧ್ಯಮ ಗಾತ್ರದವನ್ನು, ಮುಟ್ಟದೆ ಬಿಡಬೇಕಾದದ್ದು ದೊಡ್ಡ ಗಂಡನ್ನು. ಮುಟ್ಟದೆ ಬಿಡುವುದೆಂದರೆ ಹಿಡಿದು ಬಿಡುವುದಲ್ಲ, ಗೂಡುಗಳ ಮೇಲೆ ಗಾಳವನ್ನೇ ಹಾಕದಿರುವುದು. ಗಾಳವನ್ನೇ ಕೈಬಿಡಬೇಕೆನ್ನುವ ಜೈನ ನಿಲುವು ತನ್ನೊಳಗೆ ಪೂರ್ಣವಾದದ್ದು, ಅದಕ್ಕೆ ಎದುರುತ್ತರ ಕೊಡುವುದು ಕಷ್ಟ. ಅಷ್ಟು ದೂರ ಬರಲಾರದವರಿಗೆ ಮೃಗಸೇನನಿಗೆ ಸಿಕ್ಕಂಥ ವ್ರತವೊಂದು ಬೇಕು: ತಿನ್ನುವುದಕ್ಕಷ್ಟೇ ಹಿಡಿಯುವುದು, ಊಟಕ್ಕೆ ಸಾಕಾದಾಗ ಕೋಲು ಮಡಚುವುದು, ಗೂಡಿನ ಹತ್ತಿರ ಹೋಗದಿರುವುದು. ಮೊಟ್ಟೆಯಿಡುವ ಮೊದಲು ಆಳದಲ್ಲಿ ಗುಂಪುಗೂಡಿರುವ ಮೀನುಗಳು, ಗೂಡಿನ ಹೊರಗಡೆ ಕಳೆಗಿಡದ ಅಂಚಿನಲ್ಲಿ ಸುತ್ತುವ ಮೀನುಗಳು ಊಟಕ್ಕೆ ಸಾಕು.

ಫ್ಲೋಟ್ ಟ್ಯೂಬ್ ಬಳಸುವವರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ಕಾಲಿಗೆ ಈಜುರೆಕ್ಕೆ ಕಟ್ಟಿಕೊಂಡು ಮುಂದಕ್ಕೆ ನಡೆದರೆ ಮುಗ್ಗರಿಸುತ್ತಾರೆ. ಆದ್ದರಿಂದ ಎಲ್ಲರೂ ಕೆರೆಗೆ ಬೆನ್ನು ಹಾಕಿ ಹಿಂದಡಿಯಿಟ್ಟೇ ನೀರಿಗಿಳಿಯುತ್ತಾರೆ. ಗಟ್ಟಿ ಮರಳಿನ, ಇಳಿಜಾರು ಕಡಿಮೆಯಿರುವ ದಡ ಇಳಿಯುವುದಕ್ಕೆ ಅನುಕೂಲ. ಬ್ಲೂಗಿಲ್ ಗೂಡು ಮಾಡುವುದೂ ಅಂಥಲ್ಲೇ. ನೋಡದೆ ಇಟ್ಟ ಹೆಜ್ಜೆ ಗೂಡಿನ ಮೇಲೇ ಬೀಳಬಹುದು. ಕಾಲಾಡಿಸಿದಾಗ ಏಳುವ ಕೆಸರು, ಗಂಡು ದಿನಗಟ್ಟಲೆ ಬೀಸಿ ಶುಚಿಯಾಗಿಟ್ಟ ಮೊಟ್ಟೆಗಳ ಮೇಲೆ ಕೂರುತ್ತದೆ. ಜೈನರು ಪ್ರಮಾದವೆನ್ನುವ ಎಚ್ಚರಗೇಡಿತನಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಕಿಲ್ಲ. ಇಳಿಯುವ ಮೊದಲು ದಡದಲ್ಲಿ ನಿಂತು, ಬಿಸಿಲಿನ ಹೊಳಪು ತಡೆಯುವ ಕನ್ನಡಕದಿಂದ ತಳವನ್ನು ನೋಡಿ, ಬಿಳಿ ಚುಕ್ಕೆಗಳಿದ್ದರೆ ಬೇರೆ ಜಾಗ ಹುಡುಕುವುದು ಕೆಲವೇ ನಿಮಿಷಗಳ ಕೆಲಸ.

ಕೊಲ್ಲುವ ವಿಧಾನದ ಬಗ್ಗೆ ಹೇಳದೆ ಈ ವಿಷಯ ಮುಗಿಯುವುದಿಲ್ಲ. ಹಿಡಿದ ಮೀನುಗಳ ಕಿವಿರಿಗೆ ಹಗ್ಗವೋ ಸರಪಳಿಯೋ ಪೋಣಿಸಿ ಟ್ಯೂಬಿನ ಪಕ್ಕ ನೀರಿನಲ್ಲಿ ಗಂಟೆಗಟ್ಟಲೆ ಇಳಿಬಿಡುವ ರೂಢಿ ಇದೆ. ಮೀನು ಹಸಿಯಾಗಿರಲಿ ಎಂಬುದು ಉದ್ದೇಶ. ಗಾಳದ ಕ್ಷಣಕ್ಕಿಂತ ಹೆಚ್ಚಿನ ಯಾತನೆ ಇರುವುದು ಇಲ್ಲಿ, ಮತ್ತು ಇದನ್ನು ತಪ್ಪಿಸುವುದು ಅತಿ ಸುಲಭ. ಕಣ್ಣಿನ ಹಿಂದೆ, ತಲೆಯ ಮೇಲೆ ಗಟ್ಟಿ ಕೋಲಿನಿಂದ ಒಂದು ಬಲವಾದ ಪೆಟ್ಟು ಕೊಟ್ಟು, ಕಿವಿರು ಕೊಯ್ದು ರಕ್ತ ಹೋಗಿಸಿ, ಐಸ್ ಇಟ್ಟ ಚೀಲಕ್ಕೆ ಹಾಕಿದರೆ ಮೀನಿನ ರುಚಿಯೂ ಚೆನ್ನಾಗಿರುತ್ತದೆ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದರೆ ಅಕಸ್ಮಾತ್ ಸಿಕ್ಕ ದೊಡ್ಡ ಗಂಡನ್ನು ನೀರಿನಿಂದ ಎತ್ತದೆಯೇ ಬಿಡಿಸಬಹುದು. ಕೈ ಒದ್ದೆಯಾಗಿದ್ದರೆ ಮೀನಿನ ಮೈಯ ಲೋಳೆ ಕಿತ್ತುಬರುವುದಿಲ್ಲ. ಎರೆಹುಳು ಕಟ್ಟಿದ ಕೊಕ್ಕೆಯನ್ನು ಮೀನು ಆಳಕ್ಕೆ ನುಂಗಿಬಿಡುತ್ತದೆ. ಹಾಗಾದಾಗ ಎಳೆಯದೆ ದಾರವನ್ನು ಬಾಯಿಯ ಹತ್ತಿರವೇ ಕತ್ತರಿಸಬೇಕು. ಜಿಗ್ ಮತ್ತು ಕೃತಕ ಹುಳುಗಳು ಹೆಚ್ಚಾಗಿ ತುಟಿಗೇ ಸಿಕ್ಕುವುದರಿಂದ ಅವು ಮೇಲು.

ಕಾನೂನಿನ ಮಿತಿ ಮನೆಗೆ ಒಯ್ಯುವ ಮೀನಿಗೆ ಮಾತ್ರ ಅನ್ವಯಿಸುತ್ತದೆ. ಐದರ ಮಿತಿಯಿರುವ ಕೆರೆಯಲ್ಲಿ ಒಬ್ಬರು ದಿನವಿಡೀ ಗೂಡುಗಳ ಮೇಲೆ ಗಾಳ ಹಾಕಿ ಐವತ್ತು ಗಂಡುಗಳನ್ನು ಹಿಡಿದು ಬಿಟ್ಟರೆ ಯಾವ ಅಧಿಕಾರಿಯೂ ಕೇಳಲು ಬರುವುದಿಲ್ಲ. ಬಿಟ್ಟ ಮೀನುಗಳನ್ನೂ ಎಣಿಕೆಗೆ ಸೇರಿಸಿಕೊಂಡು ಐದಕ್ಕೆ ನಿಲ್ಲಿಸುವುದು ಟ್ಯೂಬಿನಲ್ಲಿ ಕೂತವರಿಗೇ ಬಿಟ್ಟದ್ದು. ಕೊಕ್ಕೆ ತಾಗಿದ ಪ್ರತಿ ಮೀನೂ ಆ ಎಣಿಕೆಯಲ್ಲಿರಬೇಕು.